ಲಾಭಕ್ಕೆ ನಾಲ್ಕು ಕೂಡಿಸಿದರೆ

ಎರಡಕ್ಕೆ ಮೂರು ಕೂಡಿಸಿದರೆ ಇಪ್ಪತ್ತಮೂರು ಬಂತು.

ಕಣದ ಅಂಚಿನ ಹುಣಸೆ ನೆರಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಪದ್ಮಿನಿಯ ಮುಖ ಸಪ್ಪಗಾಯಿತು. ಹನೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತು ಅವಳೇ ಮಾಡಿದ ಮೊದಲ ವೆಬ್ ಪೇಜು ಅದು: ಎರಡು ಖಾನೆ, ಕೂಡಲು ಕಳೆಯಲು ಒಂದೊಂದು ಗುಂಡಿ, ಕೆಳಗೆ ಉತ್ತರ. ಇವತ್ತು ರಾಗಿ ಅಳೆಯುವಾಗ ಅದು ಸರಿಯಾದ ಲೆಕ್ಕ ಹೇಳಿದರೆ ಕ್ಲಾಸು ಮುಂದುವರಿಯಬಹುದು, ಇಲ್ಲದಿದ್ದರೆ ಎಮ್ಮೆ ಮೇಯಿಸಿಕೊಂಡು ಲೊಕ್ಕನಹಳ್ಳಿಯಲ್ಲೇ ಇರಬೇಕು ಎಂದು ಅತ್ತೆ ಪುಟ್ಟಬಸಮ್ಮ ಬೆಳಿಗ್ಗೆಯೇ ತೀರ್ಪು ಕೊಟ್ಟಾಗಿತ್ತು.

"ನೋಡುದ್ರಾ?" ಪುಟ್ಟಬಸಮ್ಮ ಕೊಳಗ ಹಿಡಿದು ನಿಂತಿದ್ದ ಗಂಡನ ಕಡೆ ತಿರುಗಿದರು. "ಎರಡು ಕೊಳಗಕ್ಕೆ ಮೂರು ಸುರುದ್ರೆ ಇಪ್ಪತ್ಮೂರಾಯ್ತದಂತೆ. ಇನ್ನು ಉಳಂಗಿಲ್ಲ, ಬಿತ್ತಂಗಿಲ್ಲ. ಈ ಪೆಟ್ಗೆ ಒಂದಿದ್ರೆ ಸಾಕು!"

ಮಾವ ಮುತ್ತಯ್ಯ ನಗು ನುಂಗಲು ಕೆಮ್ಮಿದರು.

ಪದ್ಮಿನಿ ತಾನು ಬರೆದಿದ್ದನ್ನು ಸಾಲುಸಾಲಾಗಿ ಓದುತ್ತಾ ಬಂದಳು. ಕೊನೆಗೆ ಹೊಳೆಯಿತು. ಖಾನೆಯಲ್ಲಿದ್ದದ್ದನ್ನು ಯಂತ್ರ ಬರೀ ಅಕ್ಷರ ಎಂದುಕೊಂಡು, ಎರಡರ ಪಕ್ಕ ಮೂರನ್ನು ಅಂಟಿಸಿ ಸುಮ್ಮನಾಗಿತ್ತು. ಇವು ಅಂಕಿಗಳು ಕಣಪ್ಪಾ ಎಂದು ತಿಳಿಹೇಳುವ ಒಂದು ಪದ ಸೇರಿಸಿದಳು. ಐದು ಬಂತು.

"ಈಗ ಅಳೀರಿ ಮಾವ!"

ಮುತ್ತಯ್ಯ ರಾಶಿಗೆ ಕೈಮುಗಿದು ಮೊದಲ ಕೊಳಗ ತುಂಬಿ ಚೀಲಕ್ಕೆ ಸುರಿದರು. "ಲಾಭ!"

ಪದ್ಮಿನಿ ಖಾನೆಯಲ್ಲಿ ಒಂದು ಎಂದು ಒತ್ತಲು ಹೋದಳು. ಅತ್ತೆ ಕೈ ಹಿಡಿದರು.

"ರಾಶಿ ಮುಂದ್ಲೇ ಒಂದು ಅಂತ ಬರ್ದೀಯಾ? ಮೊದಲ್ನೇ ಕೊಳಗ ಯಾವತ್ತೂ ಲಾಭ ಕಣವ್ವಾ. ಅಂಗೇ ಬರಿ."

ಹಾಗೇ ಬರೆದಳು. ಮಾವ ಇನ್ನೂ ನಾಲ್ಕು ಸುರಿದರು. ಲಾಭಕ್ಕೆ ನಾಲ್ಕು ಕೂಡಿಸಿದಾಗ ಪರದೆಯ ಮೇಲೆ ಇಂಗ್ಲಿಷಿನ ಮೂರು ಅಕ್ಷರ ಮೂಡಿದವು.

"ಏನಂತದೆ?"

"ಅಂಕಿ ಅಲ್ಲ ಅಂತದೆ ಅತ್ತೆ."

"ಯಾವ್ದು?"

"ಲಾಭ."

ಪುಟ್ಟಬಸಮ್ಮ ಸೆರಗು ಸೊಂಟಕ್ಕೆ ಸಿಗಿಸಿದರು. "ನಮ್ ಕಣದಾಗೆ ಕುಂತ್ಕಂಡು ಲಾಭ ಲೆಕ್ಕಕ್ಕಿಲ್ಲ ಅಂತದಾ? ಅದುಕ್ಕೆ ಬುದ್ಧಿ ಏಳ್ತಿಯೋ, ಎಮ್ಮೆ ಬಿಚ್ತಿಯೋ?"

ಪದ್ಮಿನಿ ಗಡಿಬಿಡಿಯಲ್ಲಿ ಇನ್ನೊಂದು ಸಾಲು ಬರೆದಳು: ಲಾಭ ಅಂದರೆ ಒಂದು. ಐದು ಬಂತು.

"ಉತ್ತರದಾಗೆ ಒಂದು ಬಂದ್ರೆ?" ಅತ್ತೆ ಬಿಡಲಿಲ್ಲ.

ಅದಕ್ಕೂ ಒಂದು ಸಾಲು ಬರೆದಳು. ಪುಟ್ಟಬಸಮ್ಮ ಪರದೆಯನ್ನೂ ಸೊಸೆಯನ್ನೂ ಒಂದು ಸಲ ನೋಡಿ, ತಾವೇ ಎಮ್ಮೆ ಬಿಚ್ಚಿಕೊಂಡು ಹೊರಟರು.

ಸೋಮವಾರ ಹನೂರಿನ ಕ್ಲಾಸಿನಲ್ಲಿ ಮೇಷ್ಟ್ರು ಉದಯಕುಮಾರ್ ಐದರಲ್ಲಿ ನಾಲ್ಕು ಕಳೆದು ನೋಡಿದರು. ‘ಲಾಭ’ ಎಂದು ಬಂತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಒತ್ತಿದರು. ಲಾಭ.

"ಪದ್ಮಿನಿ, ಇದರಲ್ಲೊಂದು ಬಗ್ ಉಳ್ಕೊಂಡಿದೆಯಲ್ಲಮ್ಮ. ತೆಗೆದುಹಾಕು."

"ತೆಗೆಯಾಕಾಗಲ್ಲ ಸಾ," ಎಂದಳು ಪದ್ಮಿನಿ. "ಅದು ಬಗ್ ಅಲ್ಲ, ನಮ್ಮತ್ತೆ."