ಅಕ್ಕೋರ ಕರಿ ಡ್ರೆಸ್ಸು

ಪರದೆ ಸರಿಸಿ ಹೊರಗೆ ಬಂದ ವಿಜಯಶ್ರೀ ಅಕ್ಕೋರ ಮುಖ ನೋಡಿಯೇ ಪೀರಬಿಗೆ ಗೊತ್ತಾಯಿತು, ಕರಿ ಡ್ರೆಸ್ಸು ಸರಿಯಾಗಿ ಕೂತಿದೆ ಅಂತ. ಅಕ್ಕೋರು ಎರಡೂ ಕೈ ಮೇಲೆತ್ತಿದರು, ಕಂಕುಳಲ್ಲಿ ಹಿಡಿಯಲಿಲ್ಲ. ಸ್ಟೂಲಿನ ಮೇಲೆ ಕೂತು ಎದ್ದರು, ಹೊಟ್ಟೆಯ ಮೇಲೆ ಬಿಗಿಯಲಿಲ್ಲ. ಪೀರಬಿ ಹೇಳದೆ ಕೇಳದೆ ಇಟ್ಟಿದ್ದ ಬಗಲ ಕಿಸೆಯಲ್ಲಿ ಮೊಬೈಲು ಇಳಿಬಿಟ್ಟು ನೋಡಿದರು. ಮೊಣಕಾಲಿನ ಕೆಳಗೆ ನಿಂತ ಅಂಚನ್ನು ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ನೋಡಿಕೊಂಡು ಉದ್ದಕ್ಕೆ ಒಂದು ಉಸಿರು ಎಳೆದುಕೊಂಡರು. ಹೊಸ ಅರಿವೆ ತೊಟ್ಟು ಅಷ್ಟು ಉದ್ದ ಉಸಿರು ಎಳೆದವರನ್ನು ನಾಲತವಾಡದ ಆ ಹೊಲಿಗೆ ಅಂಗಡಿ ಅದುವರೆಗೆ ಕಂಡಿರಲಿಲ್ಲ.

ಅಷ್ಟಕ್ಕೇ ಮನೆಗೆ ಹೋಗಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅಳತೆಗೆಂದು ತಾವೇ ತಂದು ಕೊಟ್ಟಿದ್ದ ಹೂವಿನ ಚೂಡಿ ಟಾಪನ್ನು ಅಕ್ಕೋರು ಮೊಳೆಯಿಂದ ಇಳಿಸಿ ಡ್ರೆಸ್ಸಿನ ಮೇಲೆ ಹಿಡಿದರು. ಅದು ಅವರು ಮಾಸ್ತರಕಿ ಕಲಿಯುವಾಗಿನ ಟಾಪು, ಇಪ್ಪತ್ತೆರಡು ವರ್ಷದ್ದು. ಹೊಸ ಡ್ರೆಸ್ಸು ಅದರ ಎರಡೂ ಬದಿಗೆ ಅಂಗೈ ಅಗಲ ಹೊರಗೆ ಬಂದಿತ್ತು. ನಾಳೆ ಆಲಮಟ್ಟಿಯ ತೋಟದಲ್ಲಿ ಅವರ ಜೊತೆ ಕಲಿತ ಗೆಳತಿಯರೆಲ್ಲ ಸೇರುವವರಿದ್ದರು, ಎಲ್ಲರೂ ಗಿಡ್ಡ ಕರಿ ಡ್ರೆಸ್ಸು ಹಾಕಬೇಕೆಂದು ಮೊಬೈಲಿನಲ್ಲೇ ಠರಾವು ಆಗಿತ್ತು. ಕಲಿಯುವಾಗ ಹೆಂಗಿದ್ದೆನೋ ಹಂಗೇ ಇದ್ದೇನೆ, ಒಂದು ನೂಲೂ ಹೆಚ್ಚಾಗಬಾರದು ಎಂದು ಅಕ್ಕೋರು ಬಟ್ಟೆ ಕೊಡುವಾಗಲೇ ತಾಕೀತು ಮಾಡಿದ್ದರು.

“ಯಾರ್ನ ಕೇಳಿ ಇಷ್ಟು ದೊಡ್ಡದು ಹೊಲದಿ?”

“ಯಾರ್ನೂ ಕೇಳಿಲ್ರಿ ಅಕ್ಕೋರ. ನೀವು ಪಾವಟಿಗಿ ಏರಿ ಬರೂದು ನೋಡಿ ಕಟಿಂಗ್ ಮಾಡೀನಿ.”

ಮುಂದಿನ ಕಟ್ಟೆಯಲ್ಲಿ ಗುಂಡಿ, ನೂಲು, ಫಾಲು ಮಾರುತ್ತ ಕೂತಿದ್ದ ಗಂಡ ಕಾಸಿಂಸಾಬ ಜೋರಾಗಿ ಕೆಮ್ಮಿದ. ಅವನು ಕೆಮ್ಮಿದ್ದಕ್ಕೆ ಕಾರಣವಿತ್ತು. ಅಕ್ಕೋರು ಮುದ್ದೇಬಿಹಾಳದ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು. ಆ ಸಾಲೆಯ ನೂರಾ ಎಂಬತ್ತು ಹುಡುಗಿಯರ ಯುನಿಫಾರಂ ಯಾರಿಗೆ ಹೊಲಿಯಲು ಕೊಡಬೇಕೆನ್ನುವುದು ಅವರ ಬಾಯಲ್ಲಿತ್ತು. ಈ ವರ್ಷ ನಿಮಗೇ ಕೊಡೋಣ ಎಂದೂ ಅಂದಿದ್ದರು. ರೆಡಿಮೇಡ್ ಅಂಗಡಿ ಬಂದ ಮೇಲೆ ಪೀರಬಿಯ ಎರಡನೇ ಮಿಷನ್ನು ಗೋಣಿತಟ್ಟು ಹೊದ್ದುಕೊಂಡು ಮೂಲೆಯಲ್ಲಿ ಮಲಗಿತ್ತು. ಅದು ಏಳಬೇಕಾದರೆ ಈ ಕೆಲಸವೇ ಆಗಬೇಕು.

ಪೀರಬಿಗೂ ಅದೆಲ್ಲ ಗೊತ್ತು. ಆದರೆ ಅವಳಿಗೆ ಗೊತ್ತಿದ್ದದ್ದು ಇನ್ನೂ ಒಂದಿತ್ತು. ಹೆಂಗಸರು ಅಳತೆಗೆ ತರುವುದು ಮದುವೆಯ ಕಾಲದ ಜಂಪರು. ಅದರ ಪ್ರಕಾರ ಹೊಲಿದರೆ ಮೈಗೆ ಇಳಿಯುವುದಿಲ್ಲ. ಇಳಿಯದಿದ್ದರೆ ಪೀರಬಿ ಅರಿವೆ ಕೆಡಿಸಿದಳೆಂದು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಹೀಗೆ ಎರಡು ಸಲ ಮಾನ ಹೋದ ಮೇಲೆ, ಯಾರು ಏನೇ ತಂದು ಕೊಟ್ಟರೂ ಅದನ್ನು ಮರ್ಯಾದೆಯಿಂದ ಮೊಳೆಗೆ ಹಾಕಿ ಕಣ್ಣಳತೆಯಲ್ಲಿ ಕತ್ತರಿಸುತ್ತ ಬಂದಿದ್ದಳು. ಇದುವರೆಗೆ ಯಾರೂ ಒಂದರ ಮೇಲೊಂದು ಹಿಡಿದು ನೋಡಿರಲಿಲ್ಲ.

ಅಕ್ಕೋರ ಬಾಯಿ ನಿಲ್ಲಲಿಲ್ಲ. ತಮ್ಮ ಮನೆಯವರೂ ಹೀಗೆ ಅಂದಿಲ್ಲ, ಡಾಕ್ಟರರೂ ಅಂದಿಲ್ಲ, ಇವಳ್ಯಾರು ಅನ್ನಲಿಕ್ಕೆ ಎಂದು ಕೇಳಿದರು. ತಾನು ಏನೂ ಅಂದಿಲ್ಲ, ಹೊಲಿದದ್ದಷ್ಟೇ ಎಂದು ಪೀರಬಿ ಹೇಳಿದ್ದು ಬೆಂಕಿಗೆ ಎಣ್ಣೆ ಸುರಿದಂತಾಯಿತು. ಈಗಿಂದೀಗ ಎರಡೂ ಬದಿ ಒಳಗೆ ಹಿಡಿದು ಹೊಲಿದು ಕೊಡಬೇಕು, ಇಲ್ಲದಿದ್ದರೆ ಯುನಿಫಾರಮ್ಮಿನ ಆಸೆ ಬಿಡಬೇಕು ಎಂದು ಅಕ್ಕೋರು ಕಡ್ಡಿ ಮುರಿದಂತೆ ಹೇಳಿದರು. ಹಿಡಿದು ಕೊಟ್ಟು ಕೈ ತೊಳೆದುಕೋ ಎಂದು ಕಾಸಿಂಸಾಬ ಕಣ್ಣಲ್ಲೇ ಬೇಡಿಕೊಂಡ. ಪೀರಬಿ ಸುಣ್ಣದ ಬಳಪ ಕೈಗೆತ್ತಿಕೊಂಡಳು. ಮತ್ತೆ ಕೆಳಗಿಟ್ಟಳು.

“ಹಿಡೀತೇನ್ರಿ. ಮೊದಲ ನಿಮ್ಮ ಅಳತಿ ಟಾಪು ಒಮ್ಮೆ ಹಾಕ್ಕೊಂಡು ತೋರಸ್ರಿ. ಅದು ಇಳೀತಂದ್ರ ಈ ಡ್ರೆಸ್ಸು ಪುಕ್ಕಟ.”

ಕಾಸಿಂಸಾಬ ತಲೆಯ ಮೇಲೆ ಕೈ ಇಟ್ಟುಕೊಂಡ. ಅಕ್ಕೋರು ಟಾಪನ್ನು ಕಸಿದುಕೊಂಡು ಒಳಗೆ ನುಗ್ಗಿದರು. ಪರದೆ ಒಮ್ಮೆ ಇಲ್ಲಿ ಉಬ್ಬಿತು, ಒಮ್ಮೆ ಅಲ್ಲಿ ಉಬ್ಬಿತು. ಗೋಣಿಚೀಲದಲ್ಲಿ ಕೋಳಿ ಹಾಕಿ ಬಾಯಿ ಕಟ್ಟಿದ ಹಾಗೆ ಒಂದಿಷ್ಟು ಹೊತ್ತು ಗದ್ದಲ ನಡೆಯಿತು. ಆಮೇಲೆ ಎಲ್ಲ ತಣ್ಣಗಾಯಿತು. ಕೊನೆಗೆ ಸಾಲೆಯಲ್ಲಿ ಯಾರೂ ಕೇಳಿರದಂಥ ಸಣ್ಣ ದನಿ ಬಂತು.

“ಪೀರಬಿ, ನೀ ಒಬ್ಬಾಕಿನ ಒಳಗ ಬಾ.”

ಗಂಡನನ್ನು ಚಹಾ ತರಲು ಅಟ್ಟಿ ಪೀರಬಿ ಒಳಗೆ ಹೋದಳು. ಅಕ್ಕೋರ ಎರಡೂ ಕೈ ಸೂರು ನೋಡುತ್ತಿದ್ದವು. ಮುಖ ಹೂವಿನ ಬಟ್ಟೆಯೊಳಗೆ ಮುಚ್ಚಿಹೋಗಿತ್ತು. ಟಾಪು ಭುಜದಲ್ಲಿ ಸಿಕ್ಕಿಕೊಂಡು ಮೇಲಕ್ಕೂ ಬರಲೊಲ್ಲದು, ಕೆಳಕ್ಕೂ ಇಳಿಯಲೊಲ್ಲದು. ನಗೆ ಬರಬಾರದೆಂದು ಪೀರಬಿ ತುಟಿ ಕಚ್ಚಿ ಹಿಡಿದು ಎಳೆದು ನೋಡಿದಳು. ಬಟ್ಟೆಯೊಳಗಿಂದ ಒಂದು ಸದ್ದು ಬಂತು. ನಗುವೋ ಅಳುವೋ ತಿಳಿಯಲಿಲ್ಲ.

“ಕತ್ತರಿ ಹಾಕ್ಲ್ಯಾ ಅಕ್ಕೋರ?”

ಅಕ್ಕೋರು ಇನ್ನೊಮ್ಮೆ ತಾವೇ ಕೊಸರಿ ನೋಡಿದರು. ಆಮೇಲೆ, “ಹಾಕು. ಉಸಿರು ಕಟ್ಟಾಕತ್ತೈತಿ,” ಎಂದರು.

ಕರಿ ಡ್ರೆಸ್ಸು ಮತ್ತೆ ಹಾಕಿಕೊಂಡು ಹೊರಬಂದ ಅಕ್ಕೋರು ಕಾಸಿಂಸಾಬನ ಪಾಲಿನ ಚಹಾವನ್ನೂ ತಾವೇ ಕುಡಿದರು. ಒಂದೇ ಬದಿಗೆ ಕಿಸೆ ಇಟ್ಟದ್ದಕ್ಕೆ ಪೀರಬಿಯನ್ನು ಬೈದು, ನಿಂತ ನಿಲುವಿನಲ್ಲೇ ಇನ್ನೊಂದು ಬದಿಗೂ ಇಡಲು ಹೇಳಿದರು. ಪೀರಬಿ ಅವರ ಮಗ್ಗುಲಲ್ಲಿ ಕೂತು ಕಿಸೆಯ ಅಗಲ ಗುರುತು ಮಾಡುತ್ತಿದ್ದಾಗ, ಅಕ್ಕೋರು ಕನ್ನಡಿ ನೋಡುತ್ತಲೇ ಮಾತು ತೆಗೆದರು.

“ಸಾಲಿ ಶುರು ಆದ ದಿನಾನ ಯುನಿಫಾರಂ ಅಳತಿಗೆ ಬಾ. ಬೆಳಿಯು ಹುಡುಗ್ಯಾರು, ಕಣ್ಣಳತಿ ನಡಿಯೂದಿಲ್ಲ, ಒಬ್ಬೊಬ್ಬರನ್ನ ನಿಂದರಿಸಿ ಟೇಪು ಹಿಡಿ. ಆದ್ರ ನಂಬರ ಬಾಯಿಲೆ ಒದರಬ್ಯಾಡ. ಸುಮ್ಮ ಬರಕೊ.”

ಪೀರಬಿಯ ಹಲ್ಲಿನ ನಡುವೆ ನಾಲ್ಕು ಗುಂಡುಪಿನ್ನು ಇದ್ದವು. ಗೋಣು ಅಷ್ಟೇ ಹಾಕಿದಳು.