ಅಕ್ಕ ಕೇಳ್ತಿದ್ದಾಳಂತೆ

"ಐದು ಗಂಟೆಯೊಳಗೆ ಈ ಅಕ್ಕ ಯಾರು ಅಂತ ಹೇಳಿ. ಇಲ್ಲಾಂದ್ರೆ ಕುರ್ಚಿ ಬಿಡಿ," ಎಂದು ಅವಳ ಮೇಲೆ ರೇಗಿ, ಸಾಹೇಬರು ಬಾಗಿಲನ್ನು ಧಡ್ಡನೆ ಎಳೆದುಕೊಂಡು ಹೋದರು.

ಬೇಹುಗಾರಿಕೆಯ ಆ ಕಚೇರಿಯಲ್ಲಿ ಅವಳಿಗೆ ಜರಡಿ ಎಂದೇ ಅಡ್ಡಹೆಸರು. ಕದ್ದು ಕೇಳಿದ ಮಾತುಗಳು ದಿನಕ್ಕೆ ನಲವತ್ತು ಸಾವಿರ, ಟೈಪಾಗಿ ಅವಳ ಮೇಜಿಗೆ ಬರುತ್ತಿದ್ದವು. ಅತ್ತೆಯ ಮೇಲೆ ದೂರು, ಹಲ್ಲುನೋವು, ಕೆಟ್ಟುಹೋದ ನಲ್ಲಿ, ಎಲ್ಲವೂ. ಕಾಳು ಯಾವುದು, ಜೊಳ್ಳು ಯಾವುದು ಎಂದು ಹೇಳುವುದು ಅವಳ ಕೆಲಸ. ಹಾಳೆಯಲ್ಲಿ ಆಡಿದವರಿಗೆ ಒಂದೊಂದು ಗುರುತಿನ ಅಂಕಿಯಷ್ಟೇ; ಅವರ ಹೆಸರು, ನಂಬರು ಮಾತ್ರ ಮೇಲಿನ ಮಹಡಿಯವನ ಹತ್ತಿರ. ಅವನಿಗೂ ಅವಳಿಗೂ ಎಣ್ಣೆ ಸೀಗೇಕಾಯಿ. ಅವನು ನಂಬರು ಬಿಟ್ಟುಕೊಡುವವನಲ್ಲ. ಸುದ್ದಿ ತರುವ ತನ್ನ ಜನ ಯಾರೆಂದು ಅವಳು ಬಾಯಿಬಿಡುವವಳಲ್ಲ.

ಸೋಮವಾರ ಕೆಲಸಕ್ಕೆ ಬರುವಾಗ ಸೇತುವೆಯ ಮೇಲೆ ಒಂದು ಲಾರಿ ಸುಮ್ಮನೆ ನಿಂತಿತ್ತು. ಯಾಕೋ ಅವಳಿಗೆ ಸರಿ ಕಾಣಲಿಲ್ಲ. ಪುಕ್ಕಲನಿಗೆ ಫೋನು ಮಾಡಿ, ಸೇತುವೆ ಕಡೆ ಏನು ಸುದ್ದಿ ನೋಡು ಎಂದಳು. ಪುಕ್ಕಲ ಅವಳ ಜನರಲ್ಲೆಲ್ಲ ಹಳಬ, ನೆರಳು ಕಂಡರೂ ಬೆಚ್ಚುವ ಆಸಾಮಿ. ಅವಳ ನಂಬರನ್ನು ಮನೆಯವರದೆಂಬಂತೆ ಬರೆದಿಟ್ಟುಕೊಳ್ಳಲು ಕೂಡ ಅವಳೇ ಹೇಳಿಕೊಡಬೇಕಾಯಿತು. ಸುದ್ದಿಯಿದ್ದರೆ ಚಹಾದಂಗಡಿಯಲ್ಲಿ ಅವಳಿಗೊಂದು ಚೀಟಿ ಇಟ್ಟುಹೋಗುವುದು ಅವನ ಕ್ರಮ; ಮೂರು ದಿನವಾದರೂ ಆ ಸೋಮಾರಿಯಿಂದ ಒಂದು ಚೀಟಿಯೂ ಬರಲಿಲ್ಲ. ಉರಿದುಹೋಯಿತು ಅವಳಿಗೆ.

ಆದರೆ ಅವನ ಹಂಗು ಬೇಕಾಗಲಿಲ್ಲ. ಸೋಮವಾರ ಸಂಜೆಯಿಂದಲೇ ಹಾಳೆಗಳಲ್ಲಿ ಸೇತುವೆ ಏಳತೊಡಗಿತು. "ಸೇತುವೆ ಏನಾಯ್ತು ಅಂತ ಅಕ್ಕ ಕೇಳ್ತಿದ್ದಾಳಂತೆ." "ಅಕ್ಕನಿಗೆ ಬೇಗ ಗೊತ್ತಾಗಬೇಕಂತೆ." ಬುಧವಾರದ ಹೊತ್ತಿಗೆ ಮುನ್ನೂರು ಬಾಯಿ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಯಾರು ಯಾರಿಗೆ ಹೇಳಿದರೆಂದು ಗೆರೆ ಎಳೆಯುತ್ತ ಹೋದಳು. ಎಲ್ಲ ಗೆರೆಗಳೂ ಒಬ್ಬನಲ್ಲಿಗೆ ಬಂದು ಸೇರಿದವು. ಮೊದಲು ಬಾಯಿ ತೆರೆದವನು ಅವನೇ. ಆ ಸಾಲಿನ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಮೇಲಕ್ಕೆ ಕಳಿಸಿದಳು.

ಈ ಬೆಳಿಗ್ಗೆ ಪಡೆಯವರು ಅವನನ್ನು ಹಿಡಿಯಲು ಹೋದರು. ಅವನು ಓಡಿದ. ತಪ್ಪು ಮಾಡದವನು ಯಾಕೆ ಓಡುತ್ತಾನೆ? ಗುಂಡು ಬೆನ್ನಿಗೆ ಬಿತ್ತು. ಅವಳಿಗೆ ಅಯ್ಯೋ ಎನಿಸಲಿಲ್ಲ. ಅಕ್ಕ ಯಾರೆಂದು ಹೇಳದೆ ಸತ್ತನಲ್ಲ ಎಂದು ಸಿಟ್ಟೇ ಬಂತು.

ಅವನ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಲಿನ ಮಹಡಿಯವನೇ ತಂದು ಮೇಜಿನ ಮೇಲೆ ಎಸೆದಿದ್ದ. ಅದರ ಬೀಗ ತೆರೆದಿರಲಿಲ್ಲ. ಸತ್ತವನಿಗೆ ಸೋಮವಾರ ಒಂದು ಕರೆ ಬಂದಿತ್ತು, ಆ ನಂಬರು ಯಾರ ಹೆಸರಿನಲ್ಲೂ ಇಲ್ಲ, ಮಾಡಿದರೆ ಸ್ವಿಚ್ ಆಫ್, ಎಂದು ವರದಿ ಒಪ್ಪಿಸಿ ಬಾಗಿಲಿಗೆ ಒರಗಿ ನಿಂತ. ಅವಳ ಕುರ್ಚಿ ಖಾಲಿಯಾಗುವುದನ್ನು ಕಣ್ಣಾರೆ ನೋಡಿಯೇ ಹೋಗುವವನಂತಿದ್ದ.

"ಈ ಅಕ್ಕ ನಿಮ್ಮಷ್ಟೇ ಜಾಣೆ ಬಿಡಿ," ಎಂದ.

"ನನಗಿಂತ ಜಾಣೆ ಅಲ್ವಲ್ಲ. ಸಿಕ್ಕೇ ಸಿಗ್ತಾಳೆ."

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಇನ್ನು ಉಳಿದವನು ಪುಕ್ಕಲನೊಬ್ಬನೇ. ಕೇರಿಕೇರಿ ಸುತ್ತುವವನು, ಅಕ್ಕ ಯಾರೆಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಇಂಥ ಕೆಲಸಕ್ಕೆಂದೇ ಇಟ್ಟಿದ್ದ ಹಳೆಯ ಪುಟ್ಟ ಫೋನನ್ನು ತನ್ನ ಕೈಚೀಲದಿಂದ ತೆಗೆದಳು. ಸೋಮವಾರದಿಂದ ಆರಿಸಿಟ್ಟಿದ್ದನ್ನು ಈಗ ಹಚ್ಚಿದಳು. ಬೈಗುಳವನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು, ಅವನ ನಂಬರು ಒತ್ತಿ ಕಿವಿಗೆ ಹಿಡಿದಳು.

ಮೇಜಿನ ಮೇಲಿನ ಪ್ಲಾಸ್ಟಿಕ್ ಚೀಲ ಗುಂಯ್‌ಗುಟ್ಟಿತು.

ಮೇಲಿನ ಮಹಡಿಯವನು ಒಂದೇ ನೆಗೆತಕ್ಕೆ ಬಂದು ಬಗ್ಗಿ ನೋಡಿದ. "ಅಕ್ಕ ಅಂತ ಬರ್ತಿದೆ! ಅವಳೇ ಮಾಡ್ತಿದ್ದಾಳೆ," ಎಂದು ತಲೆಯೆತ್ತಿದವನು, ಅವಳ ಕಿವಿಯಲ್ಲಿದ್ದ ಫೋನನ್ನು ನೋಡಿದ.