ಕಣ್ಣು ಮುಚ್ಚಿದವರು

ಆ ಶುಕ್ರವಾರ ಚರ್ಚಿನವರ ಮನೆಪ್ರಾರ್ಥನೆ ಇಬ್ಬರು ಸೊಸೆಯಂದಿರಿದ್ದ ಒಂದು ಮನೆಯಲ್ಲಿತ್ತು. ಒಂದೇ ಸೂರಿನಡಿ ಇದ್ದರೂ ಅವರಿಬ್ಬರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ಪ್ರಾರ್ಥನೆಯಲ್ಲಿ ದೇವರಿಗೆ ಹೇಳುತ್ತಿದ್ದರು.

ಪಾಸ್ಟರು “ಕಣ್ಣು ಮುಚ್ಚೋಣ” ಎಂದದ್ದೇ ತಡ, ಹಿರಿಯ ಸೊಸೆ ಶುರುಮಾಡಿದಳು.

“ಕರ್ತನೇ, ನನ್ನನ್ನು ಪೂರ್ತಿಯಾಗಿ ನಿನಗೆ ಒಪ್ಪಿಸಿಕೊಟ್ಟಿದ್ದೇನೆ. ಹಾಸಿಗೆ ಹಿಡಿದ ಅತ್ತೀ ಸೇವಾ ನಾನೊಬ್ಬಾಕಿನ ಮಾಡಾಕತ್ತೇನಿ. ಕೆಲವರ ಕಲ್ಲೆದಿ ಕರಗಸಪ್ಪಾ.”

“ಆಮೆನ್” ಎಂದರು ಬಂದವರು.

ಕಿರಿಯ ಸೊಸೆ ಇನ್ನೂ ಗಟ್ಟಿಯಾಗಿ ಕೂಗಿದಳು. “ತಂದೆಯೇ, ನಾನೂ ನಿನ್ನ ದಾಸಿ. ಮಾಡಿದ್ದನ್ನ ಊರ ತುಂಬ ಹೇಳಿಕೊಂಡು ತಿರಗೋ ಫರಿಸಾಯರಂಥ ಕಪಟಿಗಳ ನಾಲಿಗಿಗೆ ಕಡಿವಾಣ ಹಾಕಪ್ಪಾ.”

“ಸುಳ್ಳು ಹೇಳೋ ಬಾಯಿ ಮುಚ್ಚಸು ಸ್ವಾಮಿ!” ಎಂದಳು ಹಿರಿಯವಳು.

“ಆ ಸೊಕ್ಕು ಮುರಿ ಸ್ವಾಮಿ!” ಎಂದಳು ಕಿರಿಯವಳು.

ಈ ಸಲ ಆಮೆನ್ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಇಬ್ಬರೂ ಉಸಿರು ತೆಗೆದುಕೊಳ್ಳಲು ತಡೆದ ಆ ಗಳಿಗೆಯಲ್ಲಿ ಒಳಕೋಣೆಯಿಂದ ಅತ್ತೆಯ ಕ್ಷೀಣ ದನಿ ಕೇಳಿಸಿತು.

“ಕರ್ತನೇ, ಇಬ್ಬರೊಳಗ ಒಬ್ಬಾಕೀದರ ಕಣ್ಣ ತೆರಸಪ್ಪಾ. ಕರದು ಕರದು ಸಾಕಾತು, ನನಗ ನೀರಡಿಕಿ ಆಗೇತಿ.”